ಹಾಲಿನ ಸಕ್ಕರೆ ಒಡೆಯುವ ಯೀಸ್ಟ್ ಕಿಣ್ವ: ಹದವರಿತು ಬಳಸಿ

ಹೈನುಗಾರಿಕೆ ನಡೆಸುವ ಮನೆಯಲ್ಲಿಯೇ ಹಾಲು ಒಗ್ಗದವರು ಇರುವುದುಂಟು. ಹಾಲು ಕುಡಿದ ಕೆಲವು ಗಂಟೆಗಳಲ್ಲಿ ಹೊಟ್ಟೆಯುಬ್ಬರ, ನುಲಿತ, ಭೇದಿ ಕಾಣಿಸಿಕೊಳ್ಳುತ್ತವೆ. ಇದು ಹಾಲಿನ ದೋಷವಲ್ಲ. ಹಸುವಿನ ಹಾಲಿನಲ್ಲಿ ಶೇಕಡಾ 4.5 ರಿಂದ 5 ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಇದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಲ್ಯಾಕ್ಟೇಸ್ ಕಿಣ್ವವು ಬಾಲ್ಯ ಕಳೆದಂತೆ ಅನೇಕರ ಕರುಳಿನಲ್ಲಿ ಕಡಿಮೆಯಾಗುತ್ತದೆ.

ಇದೇ ಕೆಲಸ ಮಾಡುವ ಕಿಣ್ವವನ್ನು ಕ್ಲೂವೆರೋಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟಿನಿಂದ ತೆಗೆದು ಮಾರುತ್ತಾರೆ. ಬ್ರೆಡ್ಡಿಗೆ ಬಳಸುವ ಯೀಸ್ಟಿನಲ್ಲಿ ಈ ಕಿಣ್ವವಿಲ್ಲ. ಅದನ್ನು ಹಾಲಿಗೆ ಹಾಕಿ ಫಲವಿಲ್ಲ.

ಹಾಲು ಉತ್ಪಾದಕರೊಬ್ಬರು ತಮ್ಮ ತಾಯಿಗಾಗಿ ಈ ಕಿಣ್ವ ತಂದು, ಕುದಿಯುತ್ತಿದ್ದ ಹಾಲಿಗೇ ಹಾಕಿದರು. ಹಣವೂ ಹೋಯಿತು, ತಾಯಿಯ ಹೊಟ್ಟೆನೋವೂ ತಪ್ಪಲಿಲ್ಲ. ತಪ್ಪಿದ್ದೆಲ್ಲಿ?

ಕಿಣ್ವ ದುಡಿಯುವ ಬಗೆ

ಕಣದಲ್ಲಿ ತೆನೆ ಬಡಿಯುವ ಆಳುಗಳನ್ನು ನೆನೆಯಿರಿ. ತೆನೆಯ ರಾಶಿ ದೊಡ್ಡದಿರುವಾಗ ಕೆಲಸದ ವೇಗ ಆಳುಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. ತೆನೆ ಮುಗಿಯುತ್ತ ಬಂದಾಗ ಆಯ್ದು ಹುಡುಕಬೇಕು, ವೇಗ ಕುಗ್ಗುತ್ತದೆ. ಸಕ್ಕರೆಯ ಪ್ರಮಾಣಕ್ಕೂ ಕಿಣ್ವದ ವೇಗಕ್ಕೂ ಇರುವ ಈ ಸಂಬಂಧವನ್ನು ಮೈಕೇಲಿಸ್ ಮತ್ತು ಮೆಂಟನ್ ಎಂಬ ವಿಜ್ಞಾನಿಗಳು 1913 ರಲ್ಲಿ ಲೆಕ್ಕಕ್ಕೆ ಇಳಿಸಿದರು. ಅವರು ಪರೀಕ್ಷಿಸಿದ್ದೂ ಯೀಸ್ಟಿನ ಕಿಣ್ವವನ್ನೇ. ಆದರೆ ಅದು ಕಬ್ಬಿನ ಸಕ್ಕರೆಯನ್ನು ಒಡೆಯುವಂಥದು.

ಹಾಲಿನಲ್ಲಿ ಇನ್ನೊಂದು ತೊಡಕಿದೆ. ಒಡೆದು ಬಂದ ಗ್ಯಾಲಕ್ಟೋಸ್ ಕಿಣ್ವಕ್ಕೇ ಅಂಟಿಕೊಂಡು ಲ್ಯಾಕ್ಟೋಸಿನ ಜಾಗ ಹಿಡಿಯುತ್ತದೆ. ಆದ್ದರಿಂದ ಮೊದಲರ್ಧ ಲ್ಯಾಕ್ಟೋಸ್ ಬೇಗ ಒಡೆದರೂ ಕೊನೆಯ ಪಾಲಿಗೆ ಹೆಚ್ಚು ಹೊತ್ತು ಬೇಕು. ಅವಸರಪಟ್ಟು ಅರ್ಧದಲ್ಲೇ ಕುಡಿದರೆ ತೊಂದರೆ ಉಳಿದೀತು.

ಗಮನಿಸಬೇಕಾದ ಅಂಶಗಳು

1. ಉಷ್ಣತೆ: 35 ರಿಂದ 40 ಡಿಗ್ರಿ ಸೆಂಟಿಗ್ರೇಡಿನಲ್ಲಿ ಈ ಕಿಣ್ವ ಚುರುಕು. 50 ಡಿಗ್ರಿ ಮೀರಿದರೆ ಬೇಗ ಕೆಡುತ್ತದೆ. ಹಾಲನ್ನು ಮೊದಲು ಕಾಯಿಸಿ, ಪೂರ್ತಿ ಆರಿಸಿ, ಅನಂತರ ಕಿಣ್ವ ಬೆರೆಸಿರಿ.

2. ಕಾಲ: ಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಆದ್ದರಿಂದ ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಒಂದು ದಿನ ಕಾಯುವುದು ಸುರಕ್ಷಿತ.

3. ಪ್ರಮಾಣ: ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಹಾಕಿರಿ. ಕಿಣ್ವ ಅರ್ಧಕ್ಕಿಳಿಸಿದರೆ ಕಾಲ ಸುಮಾರು ಇಮ್ಮಡಿಯಾಗುತ್ತದೆ.

4. ರಸಸಾರ: ಮಣ್ಣಿಗಿರುವಂತೆ ಹಾಲಿಗೂ ರಸಸಾರವಿದೆ. ತಾಜಾ ಹಾಲಿನ 6.6 ರಿಂದ 6.8 ಈ ಕಿಣ್ವಕ್ಕೆ ಒಪ್ಪುತ್ತದೆ. ಹುಳಿ ಮೊಸರಿಗೆ, ನಿಂಬೆರಸ ಹಾಕಿ ಒಡೆಸಿದ ಪನೀರಿನ ನೀರಿಗೆ ಇದು ಹೊಂದುವುದಿಲ್ಲ. ಅಲ್ಲಿ ಆಸ್ಪರ್ಜಿಲ್ಲಸ್ ಶಿಲೀಂಧ್ರದ ಕಿಣ್ವ ಬೇಕು.

ಒಡೆದ ಹಾಲು ಮೊದಲಿಗಿಂತ ಸಿಹಿಯಾಗುತ್ತದೆ. ಕೆಲಸ ನಡೆದಿದೆ ಎಂಬುದಕ್ಕೆ ಇದೇ ಗುರುತು. ಸಕ್ಕರೆ ಮಾಯವಾಗಿಲ್ಲ, ರೂಪ ಬದಲಿಸಿದೆ ಅಷ್ಟೆ. ಮಧುಮೇಹಿಗಳು ಇದನ್ನು ಮರೆಯಬಾರದು. ಹಾಲಿನ ಸಸಾರಜನಕ ಒಗ್ಗದೆ ಮೈ ದದ್ದೇಳುವವರಿಗೆ ಈ ಕಿಣ್ವದಿಂದ ಪ್ರಯೋಜನವಿಲ್ಲ. ಎಳೆಯ ಮಕ್ಕಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿರಿ.

ಮೇಲಿನ ರೈತರು ಎರಡನೆಯ ಬಾರಿ ಹಾಲು ಆರಿಸಿ, ಕಿಣ್ವ ಬೆರೆಸಿ, ಒಂದು ದಿನ ಕಾದರು. ಈಗ ಅವರ ತಾಯಿ ತಮ್ಮ ಕೊಟ್ಟಿಗೆಯ ಹಾಲನ್ನೇ ಕುಡಿಯುತ್ತಿದ್ದಾರೆ. ನೀವೂ ಹದವರಿತು ಬಳಸಿ, ಪ್ರಯೋಜನ ಪಡೆಯಿರಿ.