“ಕಚ್ಚಿದ್ರೆ ನಾವೂ ತೋಳ ಆಗ್ತೀವಾ, ಮಿಸ್?”: ಪಾಠಯೋಜನೆಯಲ್ಲಿ ಇಲ್ಲದ ಒಂದು ಪ್ರಶ್ನೆ

ಬೋಧನಾಭ್ಯಾಸದ ಎರಡನೇ ವಾರ. ಎಲೆಕ್ಟ್ರಾನಿಕ್ ಸಿಟಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಘಟಕವನ್ನು ತೆಗೆದುಕೊಂಡಿದ್ದೆ. ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳ ಮಕ್ಕಳೇ ಹೆಚ್ಚು. ತಂದೆ ತಾಯಂದಿರು ಕಟ್ಟಡದ ಕೆಲಸ, ಗಾರ್ಮೆಂಟ್ಸ್, ಕಂಪನಿಗಳ ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸದಲ್ಲಿದ್ದಾರೆ.

ಆ ದಿನದ ಕಲಿಕಾಂಶ ‘ರೋಗಕಾರಕ ಸೂಕ್ಷ್ಮಜೀವಿಗಳು ಮತ್ತು ಲಸಿಕೆ’. ಗಾಳಿ, ನೀರು, ಸೊಳ್ಳೆ ಎಂದು ರೋಗ ಹರಡುವ ಬಗೆಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ವೇರ್‌ವುಲ್ಫ್ ನಿಜವಾಗ್ಲೂ ಇದ್ದಾನಾ? ಕಚ್ಚಿದ್ರೆ ನಾವೂ ತೋಳ ಆಗ್ತೀವಾ? ಆಗದಂಗೆ ಏನ್ ಮಾಡ್ಬೇಕು?” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕುಬಿಟ್ಟೆ. “ಪಾಠಕ್ಕೆ ಸಂಬಂಧಪಟ್ಟ ಪ್ರಶ್ನೆ ಕೇಳು” ಎಂದು ಕೂರಿಸಿ ಪಾಠ ಮುಂದುವರಿಸಿದೆ.

ಅಂದು ಅವಲೋಕನಕ್ಕೆ ಬಂದಿದ್ದ ನಮ್ಮ ಉಪನ್ಯಾಸಕಿ ತರಗತಿ ನಿರ್ವಹಣೆಗೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಆದರೆ ಅವಲೋಕನ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದರು: “ಆ ಹುಡುಗ ಮೂರು ಪ್ರಶ್ನೆ ಕೇಳಿದ. ಮೂರನೆಯದನ್ನು ಯಾಕೆ ಕೇಳಿದ ಎಂದು ವಿಚಾರಿಸಿದಿರಾ?”

ಪ್ರಶ್ನೆಯ ಹಿಂದೆ ಏನಿತ್ತು?

ಬಿಸಿಯೂಟದ ಹೊತ್ತಿನಲ್ಲಿ ಅವನನ್ನು ಒಬ್ಬನನ್ನೇ ಕರೆದು ಮಾತಾಡಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ಯಾಂಟ್ ಮೇಲಕ್ಕೆತ್ತಿ ಮೀನಖಂಡ ತೋರಿಸಿದ. ಎರಡು ಹಲ್ಲಿನ ಗುರುತು, ಮೇಲೆ ಒಣಗಿದ ಸುಣ್ಣ. ಮೂರು ದಿನದ ಹಿಂದೆ ಸಂಜೆ ಅಂಗಡಿಗೆ ಹೋಗಿ ಬರುವಾಗ ಬೀದಿನಾಯಿ ಕಚ್ಚಿತ್ತು, ರಕ್ತವೂ ಬಂದಿತ್ತು. ಪಕ್ಕದ ಮನೆಯ ಅಜ್ಜಿ ಸುಣ್ಣ ಅರಿಶಿನ ಹಚ್ಚಿದ್ದರು. ಕೆಲಸ ಬಿಟ್ಟು ಬರುವ ಅಮ್ಮ ಬೈಯುತ್ತಾಳೆಂದು ಇವನು ಮನೆಯಲ್ಲಿ ಹೇಳಿರಲಿಲ್ಲ. ಅದೇ ವಾರ ಯಾರದೋ ಮೊಬೈಲಿನಲ್ಲಿ ತೋಳಮನುಷ್ಯನ ಸಿನಿಮಾದ ತುಣುಕು ನೋಡಿದ್ದ. ಕಚ್ಚಿಸಿಕೊಂಡವನು ಹುಣ್ಣಿಮೆಯ ರಾತ್ರಿ ತೋಳವಾಗುವ ದೃಶ್ಯ ಅದು. ಹುಣ್ಣಿಮೆಗೆ ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದ.

ಮುಖ್ಯ ಶಿಕ್ಷಕರಿಗೆ ತಿಳಿಸಿದೆ. ಶಾಲೆಯ ನಲ್ಲಿಯ ಕೆಳಗೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿದೆವು. ತಾಯಿಗೆ ಫೋನ್ ಮಾಡಿ ಕರೆಸಿದೆವು. ಅದೇ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರುವಾಯಿತು. ರಕ್ತ ಬಂದ ಕಡಿತವಾದ್ದರಿಂದ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಟ್ಟರು. ಮೂರು ದಿನ ತಡವಾಗಿತ್ತು. ಆದರೆ ತಡವಾಯಿತೆಂದು ಲಸಿಕೆ ಬಿಡಬಾರದು, ಯಾವಾಗ ಗೊತ್ತಾದರೆ ಆವಾಗಲೇ ಶುರುಮಾಡಬೇಕು ಎಂದು ವೈದ್ಯರು ಹೇಳಿದರು. ನಾನು ನಕ್ಕು ಕೂರಿಸಿದ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಆ ರಾತ್ರಿ ನಿದ್ದೆ ಕೊಡಲಿಲ್ಲ.

ಮಾರನೆಯ ದಿನದ ಪಾಠವನ್ನು ಅದೇ ಪ್ರಶ್ನೆಯಿಂದ ಶುರುಮಾಡಬೇಕೆಂದು ನಿರ್ಧರಿಸಿದೆ. ಹುಡುಗನ ವಿಷಯವನ್ನು ತರಗತಿಯಲ್ಲಿ ಎತ್ತಲಿಲ್ಲ.

ಮೊದಲ ಪ್ರಶ್ನೆ: ಇದ್ದಾನೆಯೇ?

‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಬದಲು, “ಇದ್ದರೆ ಏನೇನು ಆಗಬೇಕು?” ಎಂದು ಕೇಳಿದೆ. ಮಕ್ಕಳೇ ಪಟ್ಟಿ ಮಾಡಿದರು. ಮನುಷ್ಯನಿಗೆ 32 ಹಲ್ಲು, ತೋಳಕ್ಕೆ 42. ಹೆಚ್ಚಿನ ಹತ್ತು ಹಲ್ಲು ಒಂದು ರಾತ್ರಿಯಲ್ಲಿ ಹುಟ್ಟಿ ಬೆಳಗ್ಗೆ ಮಾಯವಾಗಬೇಕು. ನಮ್ಮ ದೇಶದ ತೋಳ ಸುಮಾರು 17ರಿಂದ 25 ಕಿಲೋ ತೂಗುತ್ತದೆ. ಅರವತ್ತು ಕಿಲೋ ತೂಗುವ ಮನುಷ್ಯ ಅದಾದರೆ ಉಳಿದ ಮೂವತ್ತೈದು ಕಿಲೋ ಎಲ್ಲಿ ಹೋಯಿತು? ಮೂಳೆಗಳ ಉದ್ದ, ಕಾಲಿನ ಕೀಲು ಎಲ್ಲವೂ ಬದಲಾಗಬೇಕು.

ಆಗ ಒಬ್ಬ ಹುಡುಗಿ ಒಳ್ಳೆಯ ಆಕ್ಷೇಪ ಎತ್ತಿದಳು: “ಕಂಬಳಿಹುಳ ಚಿಟ್ಟೆ ಆಗಲ್ವಾ ಮಿಸ್?” ಇಂಥ ಆಕ್ಷೇಪ ಬಂದರೆ ಪಾಠ ಸರಿದಾರಿಯಲ್ಲಿದೆ ಎಂದೇ ಅರ್ಥ. ಚಿಟ್ಟೆಯಾಗಲು ಕೋಶದೊಳಗೆ ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ಬೇಕು. ಆ ಬದಲಾವಣೆಗೆ ಬೇಕಾದ ಸೂಚನೆ ಹುಳದ ಜೀವಕೋಶಗಳಲ್ಲಿ ಹುಟ್ಟಿನಿಂದಲೇ ಇರುತ್ತದೆ. ಚಿಟ್ಟೆ ಮತ್ತೆ ಹುಳವಾಗುವುದಿಲ್ಲ. ಬೇರೆ ಪ್ರಾಣಿ ಕಚ್ಚಿದ್ದರಿಂದ ಹುಳ ಚಿಟ್ಟೆಯಾಗುವುದೂ ಇಲ್ಲ. ಈ ನಾಲ್ಕು ವ್ಯತ್ಯಾಸಗಳನ್ನು ಬರೆದ ಮೇಲೆ ‘ತೋಳಮನುಷ್ಯ ಇಲ್ಲ’ ಎಂಬ ತೀರ್ಮಾನಕ್ಕೆ ಮಕ್ಕಳೇ ಬಂದರು.

ಕೊಪ್ಪಳದ ಹುಡುಗನೊಬ್ಬ ಅಷ್ಟಕ್ಕೇ ಸುಮ್ಮನಾಗಲಿಲ್ಲ. “ಮನುಷ್ಯಾ ತೋಳ ಆಗಂಗಿಲ್ರಿ ಮಿಸ್, ಆದ್ರ ನಮ್ಮ ಕಡೆ ಖರೇನ ತೋಳ ಅದಾವ್ರಿ. ಕುರಿಮರಿ ಹೊತ್ಕೊಂಡ್ ಹೋಗ್ತಾವ” ಎಂದ. ಅವನ ತಾತ ಕುರಿ ಕಾಯುತ್ತಾರೆ. ನಾಯಿ ಸಾಕುವುದು, ರಾತ್ರಿ ಕುರಿಗಳನ್ನು ಬಲೆಯೊಳಗೆ ಕೂಡುವುದು, ಸರದಿಯಲ್ಲಿ ಎಚ್ಚರವಿರುವುದು ಎಂದು ತೋಳದಿಂದ ಮಂದೆ ಕಾಯುವ ಬಗೆಯನ್ನೆಲ್ಲ ವಿವರಿಸಿದ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಧಾಮವಿರುವುದನ್ನೂ, ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1974ರಲ್ಲೇ ತೋಳಗಳ ರಕ್ಷಣೆಗೆ ಅರಣ್ಯವನ್ನು ಧಾಮವೆಂದು ಘೋಷಿಸಿದ್ದನ್ನೂ ನಾನು ಸೇರಿಸಿದೆ. ಕಥೆಯ ತೋಳಮನುಷ್ಯನಿಗೆ ಹೆದರುವ ನಾವು, ನಿಜವಾದ ತೋಳ ಅಳಿದುಹೋಗದಂತೆ ಕಾಯಬೇಕಾಗಿದೆ ಎಂಬುದು ಮಕ್ಕಳಿಗೆ ಹೊಸ ವಿಷಯ.

ಎರಡನೇ ಪ್ರಶ್ನೆ: ಕಥೆ ಎಲ್ಲಿಂದ ಬಂತು?

ಇದು ಹಳೆಯ ಯುರೋಪಿನ ನಂಬಿಕೆ. ಅಲ್ಲಿನ ಕಥೆಗಳಲ್ಲಿ ಮನುಷ್ಯ ತೋಳವಾಗುವುದು ಹೆಚ್ಚಾಗಿ ಮಾಟದಿಂದ. ಹುಣ್ಣಿಮೆ, ಬೆಳ್ಳಿಯ ಆಯುಧ, ಕಚ್ಚಿದರೆ ತಗಲುವುದು ಇವೆಲ್ಲ ಇಂದಿನ ರೂಪದಲ್ಲಿ ಜನಪ್ರಿಯವಾದದ್ದು ‘ವೇರ್‌ವುಲ್ಫ್ ಆಫ್ ಲಂಡನ್’ (1935), ‘ದಿ ವುಲ್ಫ್ ಮ್ಯಾನ್’ (1941) ಮುಂತಾದ ಸಿನಿಮಾಗಳಿಂದ. ನಮ್ಮ ಹುಡುಗ ಹೆದರಿದ್ದು ಶತಮಾನಗಳ ಹಳೆಯ ರಹಸ್ಯಕ್ಕಲ್ಲ, ಚಿತ್ರಕಥೆ ಬರೆಯುವವರು ಕೂಡಿಸಿದ ನಿಯಮಕ್ಕೆ.

ಆದರೆ ಕಚ್ಚುವುದರಿಂದ ಹರಡುವ, ಮನುಷ್ಯನ ನಡವಳಿಕೆಯನ್ನೇ ಬದಲಿಸುವ ಒಂದು ರೋಗ ನಿಜವಾಗಿ ಇದೆ. ಅದು ರೇಬಿಸ್. ಸೋಂಕಿರುವ ಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್ ಗಾಯದ ಮೂಲಕ ಒಳಹೊಕ್ಕು, ನರಗಳ ದಾರಿಯಲ್ಲಿ ಮಿದುಳು ಸೇರುತ್ತದೆ. ರೋಗಿಗೆ ಕಳವಳ, ಉದ್ರೇಕ, ನುಂಗುವಾಗ ಗಂಟಲಿನ ಸ್ನಾಯುಗಳ ಸೆಳೆತ, ನೀರು ಕಂಡರೆ ಭಯ. ಗಂಟಲು ಸೆಳೆತದಿಂದ ದನಿ ಗೊಗ್ಗರಾಗುತ್ತದೆ. ‘ಹುಚ್ಚುನಾಯಿ ಕಚ್ಚಿದವನು ನಾಯಿಯಂತೆ ಬೊಗಳುತ್ತಾನೆ’ ಎಂಬ ನಮ್ಮ ಊರುಗಳ ಮಾತಿಗೆ ಈ ದನಿಯೇ ಆಧಾರವಾಗಿರಬಹುದು. ರಕ್ತ ಹೀರುವ ಪಿಶಾಚಿಯ ಕಥೆಗಳ ಹಿಂದೆ ರೇಬಿಸ್ ಇರಬಹುದೆಂದು ಸ್ಪೇನಿನ ನರರೋಗ ತಜ್ಞ ಹ್ವಾನ್ ಗೋಮೆಸ್-ಅಲೊನ್ಸೊ 1998ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ವಾದಿಸಿದ್ದರು.

ಇಂಥ ಕಥೆಯನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟಿದಾಗ ಏನಾಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿದೆ. 1589ರಲ್ಲಿ ಜರ್ಮನಿಯ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟಂಪ್ ಎಂಬವನಿಗೆ ಚಿತ್ರಹಿಂಸೆಯ ಬೆದರಿಕೆ ಹಾಕಿ, ತಾನು ತೋಳವಾಗುತ್ತಿದ್ದೆ ಎಂದು ಒಪ್ಪಿಸಿ ಕೊಂದರು. ಅದೆಲ್ಲ ಬಹಳ ಹಿಂದಿನ ಮಾತು ಎಂದು ದೂರವಿಡುವಂತಿಲ್ಲ. 2018ರ ಮೇ ತಿಂಗಳಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಮೊಬೈಲ್ ವದಂತಿ ನಂಬಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಬೇರೆ ಊರಿನಿಂದ ಬಂದವರ ಮಕ್ಕಳೇ ತುಂಬಿದ್ದ ತರಗತಿ ಈ ಮಾತು ಕೇಳಿ ಗಂಭೀರವಾಯಿತು.

ಮೂರನೇ ಪ್ರಶ್ನೆ: ಕಾಪಾಡಿಕೊಳ್ಳುವುದು ಹೇಗೆ?

ಹಲಗೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ‘ಭಯಕ್ಕೆ ಮದ್ದು’, ಬಲಕ್ಕೆ ‘ಅಪಾಯಕ್ಕೆ ಮದ್ದು’. ತಮಗೆ ಗೊತ್ತಿರುವ ರಕ್ಷಣೆಯ ಉಪಾಯಗಳನ್ನೆಲ್ಲ ಹೇಳಿ, ಯಾವ ಭಾಗಕ್ಕೆ ಸೇರುತ್ತದೆಂದು ಮಕ್ಕಳೇ ನಿರ್ಧರಿಸಬೇಕಿತ್ತು.

ಬೆಳ್ಳಿಯ ಗುಂಡು ಎಡಕ್ಕೆ ಹೋಯಿತು. ಬೆಂಗಳೂರಿನವಳೇ ಆದ ಹುಡುಗಿಯೊಬ್ಬಳು ‘ನಾಳೆ ಬಾ’ ಎಂದಳು. 1990ರ ದಶಕದಲ್ಲಿ ರಾತ್ರಿ ಮನೆಯವರ ದನಿಯಲ್ಲೇ ಕರೆದು ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ ಹಾಗೆ ಬರೆಯುತ್ತಿದ್ದರಲ್ಲ, ಅದು. ದೆವ್ವ ಓದಿಕೊಂಡು ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ಮಕ್ಕಳು ಚರ್ಚಿಸಿ ಅದನ್ನೂ ಎಡಕ್ಕೇ ಹಾಕಿದರು. “ಬರೆದ್ರೆ ಮನೆಯವ್ರಿಗೆ ನಿದ್ದೆ ಬರುತ್ತೆ” ಎಂದಳು ಒಬ್ಬಳು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಆಮೇಲೆ ಕೇಳಿದೆ: “ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಖಾರದಪುಡಿ, ಕಾಫಿಪುಡಿ?” ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಡಕ್ಕೆ ಎಂದರು. ಇಲ್ಲೊಂದು ಮುಖ್ಯ ವ್ಯತ್ಯಾಸ ಹೇಳಬೇಕಾಯಿತು. ‘ನಾಳೆ ಬಾ’ ಬರೆದರೆ ಯಾರಿಗೂ ನಷ್ಟವಿಲ್ಲ. ಆದರೆ ಗಾಯಕ್ಕೆ ಸುಣ್ಣ ಹಚ್ಚಿ ನೆಮ್ಮದಿಯಾಗಿ ಕುಳಿತರೆ ಲಸಿಕೆಯ ಸಮಯ ಕಳೆದುಹೋಗುತ್ತದೆ, ಗಾಯವೂ ಕೆಡುತ್ತದೆ. ನಿಜವಾದ ಅಪಾಯ ಎದುರಿಗಿದ್ದಾಗ ಭಯಕ್ಕೆ ಮದ್ದು ಮಾಡಿ ಸುಮ್ಮನಾದರೆ ಜೀವಕ್ಕೇ ಕುತ್ತು.

ಬಲಭಾಗದಲ್ಲಿ ಕೊನೆಗೆ ಉಳಿದ ಅಂಶಗಳು ಇವು:

1. ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು.
2. ಏನನ್ನೂ ಹಚ್ಚದೆ, ಬಿಗಿಯಾಗಿ ಕಟ್ಟದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ.
3. ರಕ್ತ ಬರದ ಪರಚುಗಾಯಕ್ಕೂ ಲಸಿಕೆ ಬೇಕು. ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು.
4. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ನಡುವೆ ನಿಲ್ಲಿಸಬಾರದು.
5. ಮನೆಯಲ್ಲಿ ಬೈದರೂ ಸರಿ, ದೊಡ್ಡವರಿಗೆ ಹೇಳಲೇಬೇಕು.

ಐದನೆಯದನ್ನು ಸೇರಿಸಿದ್ದು ನಾನು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬಿಸ್‌ನಿಂದ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ನಲವತ್ತರಷ್ಟು 15 ವರ್ಷದೊಳಗಿನ ಮಕ್ಕಳು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳು ಹೇಳದೆ ಮುಚ್ಚಿಟ್ಟರೆ ಆಸ್ಪತ್ರೆಯಲ್ಲಿ ಲಸಿಕೆ ಇದ್ದೂ ಪ್ರಯೋಜನವಿಲ್ಲ.

ಹೀಗೆ ಪಾಠ ತಾನಾಗಿ ‘ಲಸಿಕೆ’ ಎಂಬ ಮೂಲ ಕಲಿಕಾಂಶಕ್ಕೆ ಬಂದಿತು. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಮೊದಲ ಬಾರಿಗೆ ತಮ್ಮ ರೇಬಿಸ್ ಲಸಿಕೆಯನ್ನು ಕೊಡಿಸಿದ್ದು ನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ. ಅವನು ಬದುಕಿದ. ಅವನಿಗೂ ಕಚ್ಚಿದ ಕೂಡಲೇ ಲಸಿಕೆ ಸಿಕ್ಕಿರಲಿಲ್ಲ, ಎರಡು ದಿನ ಕಳೆದಿತ್ತು ಎಂದಾಗ ಹಿಂದಿನ ಬೆಂಚಿನ ಹುಡುಗ ತಲೆಯೆತ್ತಿ ನೋಡಿದ. ನಮ್ಮ ಹೊಸೂರು ರಸ್ತೆಯಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ರೇಬಿಸ್ ಬಗ್ಗೆ ಸಂಶೋಧನೆ ನಡೆಯುತ್ತದೆ ಎಂದಾಗ, ಬಸ್ಸಿನಲ್ಲಿ ಹೋಗುವಾಗ ಅದರ ಗೇಟು ನೋಡಿದ್ದೇವೆ ಎಂದು ಹಲವರು ಕೈಯೆತ್ತಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಅನುಭವದಿಂದ ನಾನು ರೂಢಿಸಿಕೊಂಡ ಕೆಲವು ಕ್ರಮಗಳನ್ನು ಹಂಚಿಕೊಳ್ಳುತ್ತೇನೆ. ಮಗು ವಿಚಿತ್ರ ಪ್ರಶ್ನೆ ಕೇಳಿದಾಗ ತರಗತಿ ನಗಬಹುದು, ಶಿಕ್ಷಕರು ನಗಬಾರದು. ಪಾಠದ ನಡುವೆ ಉತ್ತರಿಸಲು ಆಗದಿದ್ದರೆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಯಾವಾಗ ಉತ್ತರಿಸುತ್ತೇವೆಂದು ಹೇಳಬೇಕು. ‘ಇದೆಯೇ’ ಎಂಬುದು ಕುತೂಹಲದ ಪ್ರಶ್ನೆ ಆಗಿರಬಹುದು. ‘ಹೇಗೆ ತಪ್ಪಿಸಿಕೊಳ್ಳುವುದು’ ಎಂದು ಕೇಳಿದರೆ ಆ ಮಗುವನ್ನು ಅದೇ ದಿನ ಒಂಟಿಯಾಗಿ ಮಾತಾಡಿಸಬೇಕು. ಗೊತ್ತಾದ ವಿಷಯವನ್ನು ಮುಖ್ಯ ಶಿಕ್ಷಕರಿಗೂ ಪೋಷಕರಿಗೂ ತಿಳಿಸಬೇಕು, ತರಗತಿಗೆ ತಿಳಿಸಬಾರದು. ಮನೆಮದ್ದು ಮಾಡಿದ ಹಿರಿಯರನ್ನು ಮಕ್ಕಳೆದುರು ಹೀಗಳೆಯಬಾರದು. ಆ ಅಜ್ಜಿ ಹುಡುಗನ ಗಾಯ ನೋಡಿ ಏನಾದರೂ ಮಾಡಿದ್ದರು. ನಾನು ಅವನ ಪ್ರಶ್ನೆ ಕೇಳಿಯೂ ಏನೂ ಮಾಡಿರಲಿಲ್ಲ.

28ನೇ ದಿನದ ಲಸಿಕೆಯ ಹೊತ್ತಿಗೆ ನಮ್ಮ ಬೋಧನಾಭ್ಯಾಸ ಮುಗಿಯುವ ವಾರ. ಹುಡುಗ ಆಸ್ಪತ್ರೆಯ ಚೀಟಿ ತಂದು ನಾಲ್ಕೂ ದಿನಾಂಕಗಳ ಮುಂದಿನ ಗುರುತು ತೋರಿಸಿದ. ನಡುವೆ ಒಂದು ಹುಣ್ಣಿಮೆ ಬಂದು ಹೋಗಿತ್ತು. “ಅವತ್ತು ಏನು ಮಾಡಿದೆ?” ಎಂದು ಕೇಳಿದೆ. “ಬೇಗ ಮಲ್ಕೊಂಡೆ ಮಿಸ್” ಎಂದ.