ಶೇರುಪೇಟೆಯ ಏರಿಳಿತ: ಸಾಂಸ್ಥಿಕ ಹೂಡಿಕೆದಾರರು ಬದಲಾದ ಬಗೆ

ಶೇರುಪೇಟೆ ಕುಸಿದ ದಿನ ಸಂಘದ ಕಚೇರಿಯಲ್ಲಿ ನಾಲ್ಕು ಮಂದಿ ಸೇರಿದರೆ ಮೂವರಾದರೂ "ನನಗೇನಂತೆ, ನನ್ನ ಹತ್ತಿರ ಒಂದು ಶೇರೂ ಇಲ್ಲ" ಎನ್ನುವುದುಂಟು. ಈ ಮಾತು ಅರ್ಧ ಮಾತ್ರ ಸರಿ. ಎಲ್‌ಐಸಿಗೆ ಕಟ್ಟುವ ಪ್ರೀಮಿಯಂನ ಒಂದು ಭಾಗ ಶೇರುಗಳಿಗೆ ಹೋಗುತ್ತದೆ. ನೌಕರರ ಭವಿಷ್ಯನಿಧಿ ಸಂಸ್ಥೆಯು ಆಗಸ್ಟ್ 2015ರಿಂದ ಹೊಸದಾಗಿ ಬರುವ ಹಣದ ಶೇ. 5ನ್ನು ಸೂಚ್ಯಂಕ ಆಧಾರಿತ ಇಟಿಎಫ್‌ಗಳಲ್ಲಿ ಹಾಕತೊಡಗಿ, 2017ರಲ್ಲಿ ಅದನ್ನು ಶೇ. 15ಕ್ಕೆ ಏರಿಸಿತು. ಮಕ್ಕಳು ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಬೇರೆ. ಹೀಗಾಗಿ ಪೇಟೆಯಲ್ಲಿ "ಸಾಂಸ್ಥಿಕ ಹೂಡಿಕೆದಾರರು" ಎಂದು ಕರೆಯಲ್ಪಡುವ ದೊಡ್ಡವರ ಕೈಯಲ್ಲಿರುವುದು ಬಹುಪಾಲು ನಮ್ಮಂಥವರದೇ ಹಣ. ಅವರು ಪೇಟೆಯ ಬಿರುಗಾಳಿಯನ್ನೂ ಬದಲಾದ ಯಂತ್ರಗಳನ್ನೂ ಹೇಗೆ ನಿಭಾಯಿಸುತ್ತಾರೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ದೊಡ್ಡವರ ದೊಡ್ಡ ಕಷ್ಟವೆಂದರೆ ಅವರ ಗಾತ್ರವೇ. ನೀವೋ ನಾನೋ ನೂರು ಶೇರು ಮಾರಿದರೆ ಪೇಟೆಗೆ ಗೊತ್ತೇ ಆಗದು. ಒಂದು ಕಂಪೆನಿಯ ಶೇರು ದಿನಕ್ಕೆ ಹತ್ತು ಲಕ್ಷ ಕೈಬದಲಾಗುತ್ತದೆ, ಒಂದು ಫಂಡಿನ ಬಳಿ ಅದರ ಮೂವತ್ತು ಲಕ್ಷ ಇದೆ ಎಂದಿಟ್ಟುಕೊಳ್ಳಿ. ಫಂಡು ಮಾರಲು ಹೊರಟಿದೆ ಎಂಬ ಸುಳಿವು ಸಿಕ್ಕರೆ ಸಾಕು, ಉಳಿದವರು ಮೊದಲೇ ಮಾರಿಕೊಳ್ಳುತ್ತಾರೆ. ಫಂಡಿನ ಸರದಿ ಬರುವಾಗ ಬೆಲೆ ನೆಲಕಚ್ಚಿರುತ್ತದೆ. ಕೊಳ್ಳುವಾಗ ಇದೇ ಕಥೆ ತಿರುಗಾಮುರುಗಾ.

ಫೋರ್ಟ್ ಪರಿಸರದ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ದಲಾಲ್ ಸ್ಟ್ರೀಟಿನ ಹಳೆಯ ದಿನಗಳ ನೆನಪಿರಬಹುದು. ಮುಂಬಯಿ ಶೇರು ವಿನಿಮಯ ಕೇಂದ್ರದ ರಿಂಗಿನಲ್ಲಿ ಕೂಗಿ, ಕೈಸನ್ನೆ ಮಾಡಿ ವ್ಯವಹಾರ ನಡೆಯುತ್ತಿದ್ದ ಕಾಲದಲ್ಲಿ, ಯಾವ ದಲಾಲ ಯಾವ ಸಂಸ್ಥೆಯ ಕೆಲಸ ಮಾಡುತ್ತಾನೆಂದು ಜಾಬರುಗಳಿಗೆ ತಿಳಿದಿರುತ್ತಿತ್ತು. ಆತ ಒಳಗೆ ಕಾಲಿಟ್ಟರೆ ಬೆಲೆ ಅಲುಗಾಡುತ್ತಿತ್ತು. ನವೆಂಬರ್ 1994ರಲ್ಲಿ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ಮೇಲೆ ಶೇರು ವ್ಯವಹಾರ ಆರಂಭಿಸಿತು. ಮಾರ್ಚ್ 1995ರಲ್ಲಿ ದಲಾಲ್ ಸ್ಟ್ರೀಟಿಗೂ "ಬೋಲ್ಟ್" ಬಂತು. ಪರದೆಗೆ ಮುಖವಿಲ್ಲ, ಯಾರ ಆರ್ಡರೆಂದು ಕಾಣುವುದಿಲ್ಲ. ದೊಡ್ಡವರಿಗೆ ಸಿಕ್ಕಿದ ಮೊದಲ ರಕ್ಷಣೆ ಇದು.

ಆದರೆ ಕಾಗದದ ಕಾಟ ಉಳಿದೇ ಇತ್ತು. ಇಂದಿನ ಹುಡುಗರಿಗೆ ಇದನ್ನು ವಿವರಿಸುವುದು ಕಷ್ಟ. ನೂರು ಶೇರಿಗೊಂದು ಸರ್ಟಿಫಿಕೇಟಿನಂತೆ ಲೆಕ್ಕ ಹಾಕಿದರೆ ಮೂವತ್ತು ಲಕ್ಷ ಶೇರೆಂದರೆ ಮೂವತ್ತು ಸಾವಿರ ಸರ್ಟಿಫಿಕೇಟು! ಜತೆಗೆ ವರ್ಗಾವಣೆ ಪತ್ರ, ಅದಕ್ಕೆ ಸ್ಟಾಂಪು, ಮಾರುವವನ ಸಹಿ. ಆ ಸಹಿ ಕಂಪೆನಿಯ ದಾಖಲೆಯಲ್ಲಿರುವ ಸಹಿಗೆ ತಾಳೆಯಾಗದಿದ್ದರೆ "ಬ್ಯಾಡ್ ಡೆಲಿವರಿ" ಎಂದು ಇಡೀ ಕಟ್ಟು ವಾಪಸು. ನಡುವೆ ಕಳೆದುಹೋದದ್ದು, ಹರಿದದ್ದು, ನಕಲಿ ಬಂದದ್ದು ಎಲ್ಲ ಇತ್ತು. ಶೇರಿನ ಮೇಲೆ ಸಾಲ ಕೊಡುವ ಬ್ಯಾಂಕುಗಳಲ್ಲಿ ಕುಳಿತ ನಮ್ಮಂಥ ಗುಮಾಸ್ತರು ಭೂತಗನ್ನಡಿ ಹಿಡಿದು ಸಹಿ ನೋಡಿ ನೋಡಿ ಕಣ್ಣು ಕೆಡಿಸಿಕೊಂಡದ್ದೂ ಇದೆ. ಪೇಟೆ ಬೀಳುತ್ತಿರುವಾಗ ಮಾರಿದ ಹಣ ಯಾವಾಗ ಬಂದೀತೆಂದು ಖಚಿತವಾಗಿ ಹೇಳಲಾಗದ ಸಂಸ್ಥೆ ಏರಿಳಿತಕ್ಕೆ ಹೊಂದಿಕೊಳ್ಳುವುದಾದರೂ ಹೇಗೆ? ನವೆಂಬರ್ 1996ರಲ್ಲಿ ಎನ್‌ಎಸ್‌ಡಿಎಲ್ ಆರಂಭವಾಯಿತು. 1998ರ ಜನವರಿಯಲ್ಲಿ ಆಯ್ದ ಕೆಲವು ಶೇರುಗಳಲ್ಲಿ ಡಿಮ್ಯಾಟ್ ವ್ಯವಹಾರ ಮೊದಲು ಕಡ್ಡಾಯವಾದದ್ದು ಸಂಸ್ಥೆಗಳಿಗೇ. ಇತ್ಯರ್ಥದ ಅವಧಿ 2003ರಲ್ಲಿ ಎರಡು ದಿನಕ್ಕೆ, ಜನವರಿ 2023ರಲ್ಲಿ ಪೂರ್ತಿಯಾಗಿ ಒಂದೇ ದಿನಕ್ಕೆ ಇಳಿಯಿತು. ನನ್ನ ಅಭಿಪ್ರಾಯದಲ್ಲಿ ಮುಂದೆ ಬಂದ ಎಲ್ಲ ಚಮತ್ಕಾರಗಳಿಗಿಂತ ಇದು ದೊಡ್ಡದು.

ಚಮತ್ಕಾರಗಳಿಗೂ ಕೊರತೆಯಿಲ್ಲ. ದೊಡ್ಡ ಆರ್ಡರಿನ ಸ್ವಲ್ಪ ಭಾಗ ಮಾತ್ರ ಪರದೆಗೆ ತೋರಿಸುವ ಸೌಲಭ್ಯ ಬಂತು. ಇಬ್ಬರು ದೊಡ್ಡವರು ತಮ್ಮೊಳಗೆ ಕುದುರಿಸಿಕೊಂಡ ವ್ಯವಹಾರಕ್ಕೆಂದು 2005ರಲ್ಲಿ ಪ್ರತ್ಯೇಕ "ಬ್ಲಾಕ್ ಡೀಲ್" ಕಿಟಕಿ ತೆರೆಯಿತು. 2008ರಲ್ಲಿ ಸೆಬಿಯು ಸಂಸ್ಥೆಗಳು ದಲಾಲರ ವ್ಯವಸ್ಥೆಯ ಮೂಲಕವೇ, ಆದರೆ ದಲಾಲರ ಕೈ ತಾಗದಂತೆ, ನೇರವಾಗಿ ಆರ್ಡರ್ ಹಾಕಲು ಅನುಮತಿಸಿತು. ಈಗ ಮೂವತ್ತು ಲಕ್ಷದ ಆರ್ಡರನ್ನು ಕಂಪ್ಯೂಟರು ಸಾವಿರಾರು ಚೂರು ಮಾಡಿ, ದಿನದ ಸರಾಸರಿ ಬೆಲೆಗೆ ಹತ್ತಿರವಾಗುವಂತೆ ಗಂಟೆಗಟ್ಟಲೆ ಹರಡಿ ಮಾರುತ್ತದೆ. ಚೂರುಗಳ ಗಾತ್ರವನ್ನೂ ಹೊತ್ತನ್ನೂ ಬೇಕೆಂದೇ ಹೆಚ್ಚು ಕಡಿಮೆ ಮಾಡಲಾಗುತ್ತದೆ. ಏಕೆಂದರೆ ವಿನಿಮಯ ಕೇಂದ್ರದ ಆವರಣದಲ್ಲೇ ತಮ್ಮ ಕಂಪ್ಯೂಟರು ಇಟ್ಟು ಕಣ್ಣೆವೆ ಇಕ್ಕುವುದರೊಳಗೆ ವ್ಯವಹರಿಸುವ ಅತಿವೇಗದವರು ಆ ಲಯವನ್ನು ಮೂಸಿ ಹಿಡಿಯುತ್ತಾರೆ. ಹಳೆಯ ಜಾಬರನ ಮೂಗೇ ಈಗ ಯಂತ್ರಕ್ಕೆ ಬಂದಿದೆ, ಅಷ್ಟೇ.

ಯಂತ್ರ ಎಡವಿದರೂ ವೇಗವಾಗಿಯೇ ಎಡವುತ್ತದೆ. ಅಕ್ಟೋಬರ್ 5, 2012ರ ಬೆಳಗ್ಗೆ ಒಂದು ದಲಾಲಿ ಸಂಸ್ಥೆಯಿಂದ ಸುಮಾರು 650 ಕೋಟಿ ರೂಪಾಯಿಯ ತಪ್ಪು ಮಾರಾಟದ ಆರ್ಡರುಗಳು ನುಗ್ಗಿ ನಿಫ್ಟಿ ಕ್ಷಣಗಳಲ್ಲಿ ಶೇ. 15ಕ್ಕೂ ಹೆಚ್ಚು ಕುಸಿದು, ವಹಿವಾಟು ನಿಂತಿತು. ಕಾರಣ ಪಿತೂರಿಯಲ್ಲ, ಆರ್ಡರ್ ದಾಖಲಿಸುವಾಗ ಆದ ತಪ್ಪು.

ಇನ್ನು ಏರಿಳಿತದ ವಿಷಯ. ನಮ್ಮವರಲ್ಲಿ ಯುನಿಟ್ ಟ್ರಸ್ಟಿನ ಯುಎಸ್-64 ಇಲ್ಲದ ಮನೆಗಳು ಆಗ ಕಡಿಮೆ. ಪೇಟೆಯ ಬೆಲೆಗೆ ಸಂಬಂಧವಿಲ್ಲದಂತೆ ತಾನೇ ಯುನಿಟ್ ಬೆಲೆ ಸಾರುತ್ತಿದ್ದ ಆ ಯೋಜನೆ, ಪೇಟೆ ಕುಸಿದಾಗ ಒಳಗೆ ಟೊಳ್ಳಾಯಿತು. ದೊಡ್ಡ ಕಂಪೆನಿಗಳು ಮೊದಲೇ ದುಡ್ಡು ಹಿಂದೆಗೆದುಕೊಂಡವು. ಜುಲೈ 2001ರಲ್ಲಿ ಮರುಖರೀದಿಯನ್ನೇ ಆರು ತಿಂಗಳು ನಿಲ್ಲಿಸಿದಾಗ ಬಾಗಿಲ ಹೊರಗೆ ಉಳಿದವರು ಸಣ್ಣವರು. ಮಗಳ ಮದುವೆಗೆಂದು ಇಟ್ಟ ಹಣ ಅದರಲ್ಲಿದ್ದವರು ಇಂದಿಗೂ ಆ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ.

ಅಲ್ಲಿಂದ ಫಂಡುಗಳು ಕಲಿತದ್ದೆಂದರೆ ಪ್ರತಿದಿನ ನಿಜಬೆಲೆ ಸಾರುವುದು, ಒಂದಿಷ್ಟು ನಗದು ಕೈಯಲ್ಲಿಡುವುದು, ಶೇರು ಮಾರದೆಯೇ ಸೂಚ್ಯಂಕದ ಫ್ಯೂಚರ್ಸ್ ಮಾರಿ ತಾತ್ಕಾಲಿಕ ಆಸರೆ ಪಡೆಯುವುದು. ಮಾರ್ಚ್ 23, 2020ರಂದು ಸೆನ್ಸೆಕ್ಸ್ 3,935 ಅಂಶ ಕುಸಿಯಿತು, ಶೇ. 10ರ ಮಿತಿ ಮುಟ್ಟಿದಾಗ 45 ನಿಮಿಷ ವಹಿವಾಟು ಬಂದ್ ಆಗಿತ್ತು. ಡೀಲರುಗಳು ಥಾಣೆ, ಡೊಂಬಿವಲಿಯ ಮನೆಗಳಿಂದಲೇ ಕೆಲಸ ಮಾಡುವ ಪರಿಸ್ಥಿತಿ. ಆ ತಿಂಗಳು ವಿದೇಶಿ ಹೂಡಿಕೆದಾರರು ಸುಮಾರು 62 ಸಾವಿರ ಕೋಟಿ ರೂಪಾಯಿಯ ಶೇರು ಮಾರಿದರು. ಅದರ ಬಹುಪಾಲನ್ನು ದೇಶೀಯ ಸಂಸ್ಥೆಗಳು ಕೊಂಡವು. ಅಕ್ಟೋಬರ್ 2024ರಲ್ಲಿ ವಿದೇಶಿಯರು 94 ಸಾವಿರ ಕೋಟಿ ಮಾರಿದಾಗ ಇಲ್ಲಿಯ ಸಂಸ್ಥೆಗಳು ಒಂದು ಲಕ್ಷ ಕೋಟಿಗೂ ಮಿಕ್ಕಿ ಕೊಂಡವು. ಈ ಬಲ ಎಲ್ಲಿಂದ ಬಂತು? ಅದೇ ತಿಂಗಳು ಎಸ್‌ಐಪಿಯಿಂದ ಹರಿದು ಬಂದ ಹಣ 25 ಸಾವಿರ ಕೋಟಿ ದಾಟಿತ್ತು. ಯಾವ ಯಂತ್ರವೂ ಕೊಡಲಾರದ ಧೈರ್ಯ ಅದು.

ಹಾಗೆಂದು ಎಲ್ಲ ಸುಭದ್ರವೆನ್ನಲಾಗದು. ಕೊಳ್ಳುವವನೇ ಇಲ್ಲದ ಕಡೆ ಯಂತ್ರ ಏನು ಮಾಡೀತು? ಏಪ್ರಿಲ್ 2020ರಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಲು ಹೊರಟಿದ್ದು ಇಂಥ ಸ್ಥಿತಿಯಲ್ಲಿ. ಸಣ್ಣ ಕಂಪೆನಿಗಳ ಶೇರುಗಳಿಗೂ ಈ ಭಯ ತಪ್ಪಿದ್ದಲ್ಲ.

ಆದ್ದರಿಂದ ಸ್ಮಾಲ್‌ಕ್ಯಾಪ್, ಮಿಡ್‌ಕ್ಯಾಪ್ ಫಂಡಿನಲ್ಲಿ ಎಸ್‌ಐಪಿ ಇರುವ ಸದಸ್ಯರು ಒಂದು ಅಂಕಿಯನ್ನು ನೋಡಬೇಕೆಂದು ನನ್ನ ವಿನಂತಿ. ಮಾರ್ಚ್ 2024ರಿಂದ ಈ ಫಂಡುಗಳು ತಮ್ಮ ಶೇರುಗಳ ಕಾಲು ಭಾಗ ಮಾರಲು ಎಷ್ಟು ದಿನ ಬೇಕು, ಅರ್ಧ ಮಾರಲು ಎಷ್ಟು ದಿನ ಬೇಕು ಎಂದು ಪ್ರಕಟಿಸತೊಡಗಿದವು. ಮೊದಲ ಸಲವೇ ಕೆಲವು ದೊಡ್ಡ ಸ್ಮಾಲ್‌ಕ್ಯಾಪ್ ಫಂಡುಗಳು ಅರ್ಧ ಮಾರಲು ಒಂದು ತಿಂಗಳಿಗಿಂತ ಹೆಚ್ಚು ಬೇಕೆಂದು ಬರೆದವು. ಈ ಲೆಕ್ಕದಲ್ಲಿ ಮಾರಲು ಅತಿ ಕಷ್ಟದ ಶೇ. 20 ಶೇರುಗಳನ್ನು ಬಿಟ್ಟಿರುತ್ತಾರೆ ಎಂಬುದನ್ನೂ ಗಮನಿಸಿ ಓದಬೇಕು.