ಕಿಟಕಿಯಲ್ಲಿ ಬೆಳೆಸಬಹುದಾದ ವೃಕ್ಷರುಹೆ

ಮುಂಗಾರಿನ ಆರಂಭದಲ್ಲಿ ಮಲೆನಾಡಿನ ಮರಗಳ ಮೇಲೆ ಜಡೆಯಂತೆ ತೂಗುವ ಸೀತಾಳೆದಂಡೆಯನ್ನು ನ್ಯಾಮತಿ, ಚನ್ನಗಿರಿಗಳ ಕಡೆಯ ವಾಚಕರು ಬಲ್ಲರು. ಇದು ಆಂಗ್ಲರು ಆರ್ಕಿಡ್ ಎಂದು ಕರೆಯುವ ಸಸ್ಯಕುಟುಂಬಕ್ಕೆ ಸೇರಿದುದು. ಅಮರಕೋಶವು ‘ವಂದಾ’ ಶಬ್ದಕ್ಕೆ ವೃಕ್ಷಾದನೀ, ವೃಕ್ಷರುಹಾ ಎಂಬ ಪರ್ಯಾಯಗಳನ್ನು ಹೇಳುತ್ತದೆ. ಮೊದಲನೆಯದಕ್ಕೆ ಮರವನ್ನು ತಿನ್ನುವುದೆಂದೂ, ಎರಡನೆಯದಕ್ಕೆ ಮರದ ಮೇಲೆ ಬೆಳೆಯುವುದೆಂದೂ ಅರ್ಥ. ಬದನಿಕೆಗೆ ಎರಡೂ ಸಲ್ಲುತ್ತವೆ. ಸೀತಾಳೆಗೆ ಎರಡನೆಯದು ಮಾತ್ರ. ಅದು ಮರದಿಂದ ಆಸರೆಯನ್ನಲ್ಲದೆ ಆಹಾರವನ್ನು ಪಡೆಯದು. ಆದಕಾರಣ ಅದರ ಬೇರಿಗೆ ಮಣ್ಣು ಬೇಡ, ಗಾಳಿ ಬೇಕು.

ಹೂವಿನ ಆಸೆಯಿಂದ ಕಾಡಿನ ಗಿಡವನ್ನು ಕಿತ್ತು ತರುವುದು ಯುಕ್ತವಲ್ಲ. ಅದರ ಬೀಜ ಧೂಳಿನಷ್ಟು ಸೂಕ್ಷ್ಮ, ಒಳಗೆ ಆಹಾರಸಂಚಯವಿಲ್ಲ. ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಮೊಳೆಯುವುದು. ಕಿತ್ತ ಗಿಡದ ಎಡೆ ಬೇಗನೆ ತುಂಬದು. ಮನೆಯಲ್ಲಿ ಸಾಕಲು ಮಾನವರು ಕೂಡಿಸಿದ ಸಂಕರಜಾತಿಗಳೇ ಲೇಸು.

ಇಂಥವುಗಳಲ್ಲಿ ‘ಲೂ ಸ್ನಿಯರಿ’ ಎಂಬುದು ನಮ್ಮ ಕಡೆ ವಿರಳ. ಜಪಾನಿನ ಬಿಳಿಯ, ಸುಗಂಧಿಯಾದ ವಂಡ ಫಾಲ್ಕಾಟವನ್ನೂ, ಸೀತಾಳೆದಂಡೆಯ ದಾಯಾದಿಯಾದ ಸಯಾಂ ದೇಶದ ನೀಲಿಹೂವಿನ ಗಿಡವನ್ನೂ ಕೂಡಿಸಿ ಪಡೆದ ಈ ಸಂಕರವು 1970ರಲ್ಲಿ ದಾಖಲಾಯಿತು. ಗಿಡ ಗಿಡ್ಡದು, ಕಿಟಕಿಯ ಅಂಚು ಸಾಕು. ಹೂವಿಗೆ ಪರಿಮಳವುಂಟು.

ಪೂರ್ವದ ಕಿಟಕಿಯಲ್ಲಿ ಎಳೆಬಿಸಿಲು ಬೀಳುವಂತೆ ಇಡಬೇಕು. ರಂಧ್ರಗಳುಳ್ಳ ಕುಂಡಕ್ಕೆ ಇದ್ದಲು, ಇಟ್ಟಿಗೆಚೂರುಗಳನ್ನು ತುಂಬಬೇಕು. ನೀರು ಯಾವಾಗ ಬೇಕೆಂಬುದನ್ನು ಬೇರೇ ತಿಳಿಸುತ್ತದೆ. ಬೇರನ್ನು ಕವಿದಿರುವ ಹೀರುಪೊರೆ ಒಣಗಿದಾಗ ಬೆಳ್ಳಿಯ ಬಣ್ಣ ತಾಳುತ್ತದೆ, ನೆನೆದಾಗ ಹಸುರಾಗುತ್ತದೆ. ಬಿಳುಪಾದ ಮೇಲೆ ಬೆಳಗಿನ ಹೊತ್ತು ನೀರುಣಿಸಬೇಕು. ಎಲೆಗಳ ನಡುವಣ ಸುಳಿಯಲ್ಲಿ ನೀರು ನಿಂತರೆ ಗಿಡ ಕೊಳೆಯುವುದು. ಮಳೆಯ ನೀರು ಶ್ರೇಷ್ಠ.

ಆದರೆ ಒಂದೇ ವಿಧಿ ಎಲ್ಲ ಊರಿಗೂ ಸಲ್ಲದು. ಜಗಳೂರಿನ ಒಣಹವೆಯಲ್ಲಿ ಬೇಸಗೆಯ ಬಿಸಿಗಾಳಿ ಬೇರನ್ನು ಬೇಗ ಒಣಗಿಸುತ್ತದೆ. ಅಲ್ಲಿಯ ಗೃಹಸ್ಥರು ಬೆಳಗ್ಗೆ ಹತ್ತು ನಿಮಿಷ ಬೇರನ್ನು ನೀರಿನಲ್ಲಿ ನೆನೆಸಿ, ಕುಂಡದ ಕೆಳಗೆ ನೀರೂ ಬೆಣಚುಕಲ್ಲೂ ತುಂಬಿದ ತಟ್ಟೆಯನ್ನಿಡಬೇಕು; ಕುಂಡದ ತಳ ನೀರಿಗೆ ತಾಗಬಾರದು. ಚನ್ನಗಿರಿ, ನ್ಯಾಮತಿಗಳಲ್ಲಿ ಮಳೆಗಾಲದ ತೇವವೇ ಶತ್ರು. ಅಲ್ಲಿ ಕಿಟಕಿ ತೆರೆದು ಗಾಳಿಯಾಡಿಸಿ, ನೀರನ್ನು ಮಿತಗೊಳಿಸಬೇಕು. ತುಂಗಭದ್ರೆಯ ದಡದ ಹೊನ್ನಾಳಿಯವರು ಬೇಸಗೆಯಲ್ಲಿ ಜಗಳೂರಿನ ಕ್ರಮವನ್ನೂ ಮಳೆಗಾಲದಲ್ಲಿ ನ್ಯಾಮತಿಯ ಕ್ರಮವನ್ನೂ ಅನುಸರಿಸಬಹುದು.

ಮಕ್ಕಳಿಗೆ ಪ್ರತಿದಿನ ಬೇರಿನ ಬಣ್ಣವನ್ನು ನೋಡಿ ಹೇಳುವ ಕೆಲಸವನ್ನು ಒಪ್ಪಿಸಿದರೆ ಉತ್ತಮವೆಂದು ನಾವು ಸೂಚಿಸುತ್ತೇವೆ. ಮರದ ಮೇಲಣ ಸೀತಾಳೆಯನ್ನು ಬದನಿಕೆಯೆಂದು ಭ್ರಮಿಸಿ ಕೀಳದಿರುವ ತಿಳಿವು ಅವರಿಗೆ ಮನೆಯ ಕಿಟಕಿಯಿಂದಲೇ ದೊರೆಯಲಿ.